ನಾವು ಪುಸ್ತಕ ಇಳಿಸಿಕೊಂಡ ಬಗೆ

ಸನಮಡಿಯ ನಾವು ಮಹಾರಾಷ್ಟ್ರದಲ್ಲಿದ್ದು ಕನ್ನಡದಲ್ಲಿ ಕಲಿಯುವವರು. ನಮ್ಮ ಪಠ್ಯಪುಸ್ತಕಗಳು ಪುಣೆಯ ಬಾಲಭಾರತಿಯಿಂದ ಬರುತ್ತವೆ. 1967ರಲ್ಲಿ ಸ್ಥಾಪನೆಯಾದ ಈ ಸಂಸ್ಥೆ ಮರಾಠಿಯೊಡನೆ ಕನ್ನಡ, ಉರ್ದು, ಗುಜರಾತಿ ಮೊದಲಾದ ಭಾಷೆಗಳಲ್ಲಿಯೂ ಪುಸ್ತಕ ಹೊರತರುತ್ತದೆ, ಅವುಗಳ ಪಿ.ಡಿ.ಎಫ್. ಪ್ರತಿಗಳನ್ನು ಅಂತರಜಾಲದಲ್ಲಿಯೂ ಇಟ್ಟಿದೆ. ಅಚ್ಚಾದ ಪುಸ್ತಕ ಕೈಸೇರುವುದು ತಡವಾದರೆ ನಮಗೆ ಇವೇ ಆಸರೆ. ಮನೆಮನೆಯ ಮೊಬೈಲಿನಲ್ಲಿ ಬೇರೆಬೇರೆ ಇಳಿಸಿಕೊಂಡರೆ ಹಣವೂ ಹೋಗುತ್ತದೆ, ಹೊತ್ತೂ ಹೋಗುತ್ತದೆ. ಶಾಲೆಯ ಗಣಕಯಂತ್ರಕ್ಕೆ ಒಮ್ಮೆ ಇಳಿಸಿ ಎಲ್ಲರಿಗೂ ಕೊಡೋಣವೆಂದು ಗುರುಗಳು ಹೇಳಿದರು. ಅದಕ್ಕಾಗಿ ನಾವು ನೋಡ್ ಜೆಎಸ್‌ನಲ್ಲಿ ಚಿಕ್ಕದೊಂದು ಪ್ರೋಗ್ರಾಮ್ ಬರೆದೆವು.

1995ರಲ್ಲಿ ಬ್ರೌಸರಿಗಾಗಿ ಹುಟ್ಟಿದ ಜಾವಾಸ್ಕ್ರಿಪ್ಟ್ ಭಾಷೆ, 2009ರಲ್ಲಿ ರಯಾನ್ ಡಾಲ್ ಅವರು ನೋಡ್ ರಚಿಸಿದ ಮೇಲೆ ಸರ್ವರುಗಳಲ್ಲಿಯೂ ಬಹಳ ಬಳಕೆಗೆ ಬಂದಿತು. 2022ರ 18ನೆಯ ಆವೃತ್ತಿಯಿಂದ ‘ಫೆಚ್’ ಎಂಬ ಆಜ್ಞೆ ನೋಡ್‌ನೊಳಗೇ ಇದೆ. ವಿಳಾಸ ಕೊಟ್ಟರೆ ಸಾಕು, ಕಡತ ತರುತ್ತದೆ.

ಬಂದ ಕಡತವನ್ನೆಲ್ಲ ಮೆಮೊರಿಯಲ್ಲಿ ತುಂಬಿಕೊಂಡು ಆಮೇಲೆ ಡಿಸ್ಕಿಗೆ ಬರೆಯಬಹುದು. ನಮ್ಮ ಹಳೆಯ ಯಂತ್ರಕ್ಕೆ ಅದು ಭಾರ. ಬರಗಾಲದಲ್ಲಿ ನೀರಿನ ಟ್ಯಾಂಕರ್ ಬಂದಾಗ ನಮ್ಮ ತಾಯಂದಿರು ಸಾಲಾಗಿ ನಿಂತು ಕೊಡಗಳನ್ನು ಕೈಯಿಂದ ಕೈಗೆ ದಾಟಿಸುವುದನ್ನು ನೀವು ನೋಡಿಯೇ ಇದ್ದೀರಿ. ‘ಸ್ಟ್ರೀಮ್’ ಎಂಬುದೂ ಹಾಗೆಯೇ. ಬಂದಷ್ಟು ತುಣುಕನ್ನು ಬಂದ ಹಾಗೆ ಡಿಸ್ಕಿಗೆ ದಾಟಿಸುವುದು. ‘ಪೈಪ್‌ಲೈನ್’ ಎಂಬ ಆಜ್ಞೆ ಎರಡು ತುದಿಗಳನ್ನೂ ಜೋಡಿಸುತ್ತದೆ. ಡಿಸ್ಕು ನಿಧಾನವಾದರೆ ಆಚೆಯಿಂದ ತರುವುದನ್ನು ತಡೆಯುತ್ತದೆ. ನಡುವೆ ಸಂಪರ್ಕ ಕಡಿದರೆ ದೋಷವೆಂದು ತಿಳಿಸುತ್ತದೆ.

ನಮಗೆ ಕಾಡುವುದು ಈ ಕಡಿತವೇ. ಅರ್ಧ ಇಳಿದ ಪುಸ್ತಕಕ್ಕೂ ಪುಸ್ತಕದ ಹೆಸರೇ ಇರುತ್ತದೆ! ಚಿಕ್ಕ ಹುಡುಗನೊಬ್ಬ ಅದನ್ನು ಮನೆಗೆ ಒಯ್ದು ಪರೀಕ್ಷೆಯ ಹಿಂದಿನ ರಾತ್ರಿ ತೆರೆದರೆ ಗತಿಯೇನು? ಆದ್ದರಿಂದ ಇಳಿಯುತ್ತಿರುವಾಗ ಕಡತಕ್ಕೆ ಬೇರೆ ಹೆಸರು ಇಡುತ್ತೇವೆ. ಪೈಪ್‌ಲೈನ್ ದೋಷವಿಲ್ಲದೆ ಮುಗಿದ ಮೇಲೆಯೇ ‘ಗಣಿತ’, ‘ವಿಜ್ಞಾನ’ ಎಂಬ ನಿಜವಾದ ಹೆಸರು.

ಇನ್ನೊಂದು ಮೋಸವೂ ಉಂಟು. ಆ ವಿಳಾಸದಲ್ಲಿ ಪುಸ್ತಕವೇ ಇಲ್ಲದಿದ್ದರೆ ಸರ್ವರು 404 ಎಂಬ ಸಂಖ್ಯೆಯೊಡನೆ ‘ಇಲ್ಲ’ವೆನ್ನುವ ಪುಟವೊಂದನ್ನು ಕಳಿಸುತ್ತದೆ. ಫೆಚ್ ಇದನ್ನು ದೋಷವೆಂದು ಎಣಿಸುವುದಿಲ್ಲ. ಪ್ರೋಗ್ರಾಮಿನಲ್ಲಿ ಸಂಖ್ಯೆಯನ್ನು ನೋಡದೆ ಬಿಟ್ಟರೆ ಆ ಪುಟವೇ ಗಣಿತ ಪುಸ್ತಕವಾಗಿ ಕುಳಿತೀತು. 200 ಬಂದರೆ ಮಾತ್ರ ನಾವು ಬರೆಯಲು ತೊಡಗುತ್ತೇವೆ.

ಒಮ್ಮೆಗೇ ಇಪ್ಪತ್ತು ಪುಸ್ತಕ ಕೇಳುವುದು ಸರ್ವರಿಗೂ ಹಿತವಲ್ಲ, ನಮ್ಮ ಸಂಪರ್ಕಕ್ಕೂ ಅಲ್ಲ. ಒಂದು ಮುಗಿದ ಮೇಲೆ ಇನ್ನೊಂದು. ಇಯತ್ತೆ ಹತ್ತನೆಯ ಪುಸ್ತಕಗಳೆಲ್ಲ ಬಂದಿವೆ. ಒಂಬತ್ತನೆಯದರಲ್ಲಿ ಎರಡು ಬಾಕಿ. ಪಾಲಕರು ಮೊಬೈಲ್ ತಂದರೆ ಪ್ರತಿ ಮಾಡಿಕೊಡುತ್ತೇವೆ.