ಕೂದಲೆಳೆಯ ಅಂತರದ ಅನುಗ್ರಹ

ಮನುಷ್ಯನ ಮನಸ್ಸು ವಿಚಿತ್ರವಾದುದು. ದಿನವಿಡೀ ಯಾವ ಕೇಡೂ ಸಂಭವಿಸದಿದ್ದರೆ ಅದನ್ನು ಅದು ಗಮನಿಸುವುದೇ ಇಲ್ಲ. ಅದೇ ಕೇಡು ಬಾಗಿಲವರೆಗೆ ಬಂದು ಹಿಂದಿರುಗಿದರೆ, ಬದುಕೇ ಹೊಸದಾಗಿ ದೊರೆತಂತೆ ಹಿಗ್ಗುತ್ತದೆ.

ಕರಾವಳಿಯಲ್ಲಿರುವ ನಮ್ಮ ಮನೆಯಂಗಳದಲ್ಲಿ ಕಳೆದ ಮಳೆಗಾಲದಲ್ಲಿ ಇಂತಹ ಘಟನೆಯೊಂದು ನಡೆಯಿತು. ಒಣಹಾಕಿದ ಬಟ್ಟೆ ತೆಗೆಯುತ್ತಿದ್ದ ತಾಯಿಯವರು, ಮಗು ಒಳಗಿನಿಂದ ಕರೆಯಿತೆಂದು ಎರಡು ಹೆಜ್ಜೆ ಸರಿದರು. ಅವರು ನಿಂತಿದ್ದ ಸ್ಥಳಕ್ಕೇ ತೆಂಗಿನಕಾಯಿಯೊಂದು ಬಿದ್ದು ಮಣ್ಣಿನಲ್ಲಿ ಹೂತಿತು. ವಿದ್ಯುತ್ ಬಿಲ್ಲಿನ ಬಗ್ಗೆ ಬೆಳಿಗ್ಗೆಯಿಂದ ನಡೆಯುತ್ತಿದ್ದ ಮುನಿಸು ಆ ಕ್ಷಣದಲ್ಲಿ ಕರಗಿಹೋಯಿತು. ರಾತ್ರಿಯ ಗಂಜಿ, ಒಣಮೀನಿನ ಚಟ್ನಿ ಹಬ್ಬದೂಟದಂತೆ ರುಚಿಸಿತು. ಮನೆಗೆ ಹೊಸದಾಗಿ ಏನೂ ಸೇರಿರಲಿಲ್ಲ. ಇದ್ದುದು ಉಳಿದಿತ್ತು, ಅಷ್ಟೇ.

ಮನಶ್ಶಾಸ್ತ್ರಜ್ಞರೂ ಮನಸ್ಸಿನ ಈ ಗುಣವನ್ನು ಗುರುತಿಸಿದ್ದಾರೆ. 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನ ದೃಶ್ಯಗಳನ್ನು ಪರಿಶೀಲಿಸಿದ ಅಮೆರಿಕದ ಸಂಶೋಧಕರು, ಬೆಳ್ಳಿ ಗೆದ್ದವರಿಗಿಂತ ಕಂಚು ಗೆದ್ದವರು ಹೆಚ್ಚು ಸಂತುಷ್ಟರಾಗಿ ಕಾಣುತ್ತಿದ್ದರೆಂದು 1995ರಲ್ಲಿ ಪ್ರಕಟಿಸಿದರು. ಬೆಳ್ಳಿ ಗೆದ್ದವನ ಕಣ್ಣು ತಪ್ಪಿಹೋದ ಚಿನ್ನದ ಮೇಲೆ. ಕಂಚು ಗೆದ್ದವನಿಗಾದರೋ ಬರಿಗೈಯಲ್ಲಿ ಮರಳುವುದು ತಪ್ಪಿತೆಂಬ ನೆಮ್ಮದಿ. ಲೌಕಿಕ ವಿಷಯಗಳಲ್ಲಿ ನಿಮಗಿಂತ ಮೇಲಿನವರನ್ನಲ್ಲ, ಕೆಳಗಿನವರನ್ನು ನೋಡಿರೆಂದು ಪ್ರವಾದಿವರ್ಯರು(ಸ) ಕಲಿಸಿದ್ದರ ಮರ್ಮವೂ ಇದೇ ಅಲ್ಲವೇ? ಅಲ್ಲಾಹನ ಅನುಗ್ರಹವನ್ನು ನಾವು ಕೀಳಾಗಿ ಕಾಣಬಾರದೆಂಬುದೇ ಅದರ ಉದ್ದೇಶ.

ಆದರೆ ಇಂತಹ ಉಲ್ಲಾಸ ಹೆಚ್ಚು ಕಾಲ ಬಾಳುವುದಿಲ್ಲ. ಮರುದಿನ ಬೆಳಿಗ್ಗೆ ಬಿಲ್ಲಿನ ಮಾತು ಮತ್ತೆ ತಲೆಯೆತ್ತಿತು! ಆದುದರಿಂದ ಅದು ಆರುವ ಮುನ್ನವೇ ಅದನ್ನು ಕೃತಜ್ಞತೆಯಾಗಿ ಮಾರ್ಪಡಿಸಬೇಕು. ಸಂತಸದ ವಾರ್ತೆ ತಲುಪಿದಾಗ ಪ್ರವಾದಿವರ್ಯರು(ಸ) ಸುಜೂದ್‌ಗೆರಗುತ್ತಿದ್ದರೆಂದು ಹದೀಸ್‌ಗಳಲ್ಲಿದೆ. ದಾರಿಯಲ್ಲಿರುವ ಕಂಟಕವನ್ನು ನಿವಾರಿಸುವುದೂ ದಾನವೆಂದು ಅವರು ಕಲಿಸಿದರು. ಒಣಗಿದ ಕಾಯಿಗಳನ್ನು ಸಕಾಲದಲ್ಲಿ ಇಳಿಸುವುದು, ಬಟ್ಟೆಯ ಹಗ್ಗವನ್ನು ಮರದಡಿಯಿಂದ ಬೇರೆಡೆಗೆ ಕಟ್ಟುವುದು ಕೂಡ ಶುಕ್ರ್‌ನ ಭಾಗವೇ.

ಇನ್ನೊಂದು ಮಾತನ್ನು ಹೇಳದಿದ್ದರೆ ಈ ಬರಹ ಅಪೂರ್ಣ. ನಮ್ಮ ಬೀದಿಯಲ್ಲೇ ಒಂದು ಮನೆಯಿದೆ. ಆ ಮನೆಯ ಯುವಕ ಮೊದಲ ಮಳೆಗೆ ನೆನೆದ ರಸ್ತೆಯಲ್ಲಿ ಬೈಕ್ ಜಾರಿ ಬಿದ್ದವನು ಮರಳಿ ಬರಲಿಲ್ಲ. ತೆಂಗಿನಕಾಯಿಯ ಸುದ್ದಿ ಕೇಳಿ ಆತನ ತಾಯಿ ನಮ್ಮಲ್ಲಿಗೆ ಬಂದರು. ನಮ್ಮ ತಾಯಿಯ ಕೈ ಹಿಡಿದು, "ಅಲ್ಲಾಹನು ಉಳಿಸಿದ" ಎಂದು ಮನಸಾರೆ ಹೇಳಿದರು. ಆಗ ನಮ್ಮಲ್ಲಿ ಯಾರಿಗೂ ಮಾತು ಹೊರಡಲಿಲ್ಲ. ಆಕೆಯ ನಮಾಝ್ ನಮ್ಮದಕ್ಕಿಂತ ಕಡಿಮೆಯದೇ? ಆಕೆಯ ಪ್ರಾರ್ಥನೆಯಲ್ಲಿ ಕೊರತೆಯಿತ್ತೇ?

ಹಾಗೆಂದು ಭಾವಿಸಲು ನಮಗೆ ಯಾವ ಹಕ್ಕೂ ಇಲ್ಲ. ಪಾರಾಗುವುದು ಪುಣ್ಯವಂತಿಕೆಯ ಪ್ರಮಾಣಪತ್ರವಲ್ಲ, ಎಡವುವುದು ಕೋಪದ ಗುರುತೂ ಅಲ್ಲ. ಫಾತಿಮಾ(ರ)ರ ಹೊರತು ತಮ್ಮ ಎಲ್ಲ ಮಕ್ಕಳ ಅಗಲಿಕೆಯನ್ನೂ ಪ್ರವಾದಿವರ್ಯರು(ಸ) ತಮ್ಮ ಜೀವಿತಾವಧಿಯಲ್ಲೇ ಕಂಡರು. ಒಬ್ಬರಿಗೆ ಶುಕ್ರ್‌ನ ಪರೀಕ್ಷೆ, ಇನ್ನೊಬ್ಬರಿಗೆ ಸಬ್ರ್‌ನ ಪರೀಕ್ಷೆ. ಪಾರಾದವರು ಅಲ್‌ಹಮ್ದುಲಿಲ್ಲಾಹ್ ಎನ್ನುವಾಗ ಪಾರಾಗದವರ ಮನೆಯ ಕಡೆಗೂ ನಾಲ್ಕು ಹೆಜ್ಜೆ ಹಾಕಬೇಕು.

ಕಣ್ಣಿಗೆ ಬಿದ್ದು ತಪ್ಪಿದ ಅಪಾಯಗಳು ಕೆಲವೇ. ನಮ್ಮ ಅರಿವಿಗೇ ಬಾರದೆ ಸರಿದುಹೋದವುಗಳನ್ನು ಎಣಿಸಬಲ್ಲವರಾರು? ಏನೂ ಸಂಭವಿಸದ ಒಂದು ಸಾಮಾನ್ಯ ಸಂಜೆಯೂ ಅಷ್ಟೇ ದೊಡ್ಡ ಕೊಡುಗೆಯೆಂದು ತಿಳಿಯುವ ಹೃದಯವನ್ನು ಅಲ್ಲಾಹನು ನಮಗೆಲ್ಲರಿಗೂ ದಯಪಾಲಿಸಲಿ. ಆಮೀನ್.