ಹಿಂದಿನ ಹಲ್ಲು ಎಣಿಸಿದ ಮೇಲೆ

ಲಾರಿ ಘಾಟಿ ಹತ್ತುತ್ತಿಲ್ಲ ಎಂದರೆ ನಮ್ಮ ಹಾವೇರಿ ಕಡೆ ಎಲ್ಲರ ಬಾಯಲ್ಲೂ ಒಂದೇ ಮಾತು: ‘ಇಂಜಿನ್ ಬದಲಸ್ರಿ.’ ನಮ್ಮ ಮನೆಯ ಟಾಟಾ 1210ಕ್ಕೂ ಅದೇ ಸಲಹೆ ಬಂತು. ಅಣ್ಣ ಓಡಿಸುವ ಗಾಡಿ. ಗೋವಿನಜೋಳ ತುಂಬಿಕೊಂಡು ಶಿರಸಿ ದಾಟಿ ಕುಮಟಾಕ್ಕೆ ಇಳಿಯುತ್ತದೆ, ಚಿರೆಕಲ್ಲು ಹೇರಿಕೊಂಡು ವಾಪಸ್ ಹತ್ತುತ್ತದೆ. ದೇವಿಮನೆ ಘಾಟಿಯ ತಿರುವಿನಲ್ಲಿ ಫಸ್ಟ್ ಗೇರಿನಲ್ಲೂ ಏದುಸಿರು.

1210 ಎಂದರೆ 12 ಟನ್, ಸುಮಾರು 100 ಅಶ್ವಶಕ್ತಿ. 1613 ಎಂದರೆ 16 ಟನ್, 130ರ ಆಸುಪಾಸು. ಹೆಸರಿನಲ್ಲೇ ಲೆಕ್ಕವಿದೆ. ಗುಜರಿಗೆ ಬಂದಿದ್ದ ಒಂದು 1613ರ ಕಮ್ಮಿನ್ಸ್ ಇಂಜಿನ್ ಮೇಲೆ ಅಣ್ಣನ ಕಣ್ಣು ಬಿದ್ದಿತ್ತು. ವೈನಿಯ ಸರ ಅಡವಿಡುವ ಮಾತೂ ಮುಗಿದಿತ್ತು.

ತಡೆದವರು ಗ್ಯಾರೇಜಿನ ಚಾಚಾ. ‘ಇಂಜಿನ್ ದೊಡ್ಡದು ಹಾಕಿದ್ರ ಕ್ಲಚ್ಚು, ಗೇರ್‌ಬಾಕ್ಸು, ರೇಡಿಯೇಟರು ಎಲ್ಲಾ ಕೇಳ್ತೈತಿ. ಆ ಜೋರಿಗೆ ಹಳೇ ಆಕ್ಸಲ್ ತುಂಡಾದ್ರ ಘಾಟಿನ್ಯಾಗ ಏನ್ ಮಾಡ್ತಿ? ಬ್ರೇಕ್ ಅಂತೂ ದೊಡ್ಡದಾಗಂಗಿಲ್ಲ. ಮೊದ್ಲ ಹಿಂದಿನ ಹಲ್ಲ ಎಣಸೋ ತಮ್ಮಾ’ ಎಂದರು.

ಇನ್ನೊಂದು ಅಡ್ಡಿ ಕಾಗದದ್ದು. ಸುದ್ದಿ ಬರೆಯುವವರಾಗಿ ಅದನ್ನು ವಿಚಾರಿಸುವುದು ನಮ್ಮ ಪಾಲಿಗೆ ಬಂತು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ಕಂಪನಿ ಕೊಟ್ಟ ವಿವರಕ್ಕೆ ಹೊಂದದ ಬದಲಾವಣೆ ಮಾಡುವಂತಿಲ್ಲ. ಅದೇ ಕಂಪನಿಯ ಅದೇ ಬಗೆಯ ಇಂಜಿನ್ ಕೂರಿಸಲೂ ನಮ್ಮಂಥ ಒಂದು ಲಾರಿಯವರು ಮೊದಲೇ ಒಪ್ಪಿಗೆ ಪಡೆಯಬೇಕು, ಕೂರಿಸಿದ 14 ದಿನದೊಳಗೆ ಆರ್‌ಸಿ ಸಮೇತ ತಿಳಿಸಬೇಕು. ತಪ್ಪಿದರೆ ಒಂದೊಂದು ಬದಲಾವಣೆಗೆ 5000 ರೂಪಾಯಿ ದಂಡ, ಇಲ್ಲವೇ 6 ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ದಂಡವಾದರೂ ಕಟ್ಟಬಹುದು, ಅಪಘಾತವಾದ ದಿನ ಆರ್‌ಸಿಯ ನಂಬರಿಗೂ ಇಂಜಿನ್ ನಂಬರಿಗೂ ತಾಳೆಯಾಗದೆ ವಿಮೆಯವರು ತಕರಾರು ತೆಗೆದರೆ ಮನೆ ಉಳಿಯುವುದಿಲ್ಲ. ಅಣ್ಣ ಎರಡು ದಿನ ಮಾತಾಡಲಿಲ್ಲ.

ಮೂರನೇ ದಿನ ಗ್ಯಾರೇಜಿಗೆ ಹೋಗಿ ಹಲ್ಲು ಎಣಿಸಿದೆವು. ಹಿಂದಿನ ಆಕ್ಸಲ್ಲಿನ ಪಿನಿಯನ್‌ಗೆ 7 ಹಲ್ಲು, ಕ್ರೌನ್‌ಗೆ 41. ಹೈವೇಗೆ ಒಳ್ಳೆಯದು, ಘಾಟಿಗಲ್ಲ. ಹೌಸಿಂಗೂ ಸವೆದಿತ್ತು. 6/41 ಇದ್ದ ಇನ್ನೊಂದು 1210ರ ಆಕ್ಸಲ್ಲನ್ನು ಹಬ್, ಬ್ರೇಕ್ ಡ್ರಮ್ ಸಮೇತ ತಂದು ಕೂರಿಸಿದರು. ಇಂಜಿನ್ ನಮ್ಮದೇ 697, ಅಂದರೆ 6 ಸಿಲಿಂಡರ್, 97 ಮಿಲಿಮೀಟರ್ ಬೋರು. ಅದಕ್ಕೆ ಹೊಸ ಲೈನರ್, ಪಿಸ್ಟನ್, ನಾಜಲ್ ಹಾಕಿಸಿ ಡೀಸೆಲ್ ಪಂಪ್ ಸರಿ ಮಾಡಿಸಿದೆವು. ನಂಬರು ಬದಲಾಗಲಿಲ್ಲ.

ಒಂದು ಹಲ್ಲು ಕಡಿಮೆಯಾದದ್ದಕ್ಕೆ ಚಕ್ರದ ಎಳೆತ ಆರನೇ ಒಂದು ಪಾಲು ಹೆಚ್ಚಾಗುತ್ತದೆ. ಮೊದಲು 70ರಲ್ಲಿ ಓಡುತ್ತಿದ್ದಾಗಿನ ಇಂಜಿನ್ ಸುತ್ತಿಗೆ ಈಗ 60 ಕಿಲೋಮೀಟರ್ ವೇಗ ಅಷ್ಟೇ. ಹೈವೇಯಲ್ಲಿ ಬೇರೆ ಲಾರಿಗಳು ಹಾರನ್ ಹೊಡೆದು ಮುಂದೆ ಹೋಗುತ್ತವೆ, ಹೋಗಲಿ. ದೇವಿಮನೆ ಇಳಿಯುವಾಗ ಇಂಜಿನ್ನೇ ಗಾಡಿಯನ್ನು ಚೆನ್ನಾಗಿ ಹಿಡಿಯುತ್ತದೆ, ಅದು ನಮಗೆ ಎಳೆತಕ್ಕಿಂತ ದೊಡ್ಡದು.

ಮೊದಲ ಟ್ರಿಪ್ ಮುಗಿಸಿ ಬಂದ ಅಣ್ಣ ಲೀಟರಿಗೆ ನಾಲ್ಕೂವರೆ ಇದ್ದದ್ದು ಐದಾಗಿದೆ ಎಂದು ಓಣಿಗೆಲ್ಲ ಸಾರಿದ. ಚಾಚಾ ನಕ್ಕರು. ಮೀಟರಿನ ವೈರು ಗೇರ್‌ಬಾಕ್ಸಿನಿಂದ ಬರುತ್ತದೆ, ಹಿಂದೆ ಹಲ್ಲು ಬದಲಾದದ್ದು ಅದಕ್ಕೆ ಗೊತ್ತಿಲ್ಲ. ಗಾಡಿ 6 ಕಿಲೋಮೀಟರ್ ಓಡಿದರೆ ಅದು 7 ತೋರಿಸುತ್ತದೆ. ನಿಜವಾದ ಲೆಕ್ಕ ನಾಲ್ಕೂಕಾಲರ ಮೇಲೆ ಸ್ವಲ್ಪ.

ವೈನಿಯ ಸರ ಅಡವಿಗೆ ಹೋಗುವುದು ತಪ್ಪಲಿಲ್ಲ. ಆದರೆ ಮೊದಲು ಅಂದುಕೊಂಡದ್ದರ ಅರ್ಧ ಹಣಕ್ಕೆ ಹೋಯಿತು, ಈ ಸುಗ್ಗಿಗೆ ಬಿಡಿಸುತ್ತೇವೆ. ಅಣ್ಣ ಈಗ ಮೀಟರನ್ನು 6ರಿಂದ ಗುಣಿಸಿ 7ರಿಂದ ಭಾಗಿಸಿ ಡೈರಿಯಲ್ಲಿ ಬರೆಯುತ್ತಾನೆ.