ಬಿಚ್ಚಲೊಲ್ಲದ ಫಿಲ್ಟರು

ಪರಸ್ಥಳದಲ್ಲಿ ಸಂಸಾರ ಹೂಡಿದವರಿಗೆ ಕೆಲವು ಕೈಗೆಲಸಗಳು ತಾವಾಗಿಯೇ ಅಂಟಿಕೊಳ್ಳುತ್ತವೆ. ಊರಿನಲ್ಲಾದರೆ ನಲ್ಲಿ ಸೋರಿದರೆ ಒಬ್ಬ ಕಾಕಾ, ದೀಪ ಆರಿದರೆ ಇನ್ನೊಬ್ಬ ದೊಡ್ಡಪ್ಪ ಓಡಿ ಬರುತ್ತಾನೆ; ಪುಣೆಯಲ್ಲಿ ಯಾರು ಬರಬೇಕು? ಹೀಗೆ ನನಗಂಟಿದ ಕೆಲಸಗಳಲ್ಲಿ ಮನೆಯ ಮೋಟಾರಿನ ಎಣ್ಣೆ ಬದಲಿಸುವುದೂ ಒಂದು. ನಮ್ಮದು ಮಾರುತಿ ಎಂಟುನೂರು. ಈ ಜಾತಿಯ ಮೊದಲ ಗಾಡಿ ಗಿರಾಕಿಯ ಕೈ ಸೇರಿದ್ದು 1983ರ ಡಿಸೆಂಬರಿನಲ್ಲಿ. ತಯಾರಿಕೆ ನಿಂತದ್ದು 2014ರ ಜನವರಿಯಲ್ಲಿ. ನಮ್ಮ ಮನೆಯಲ್ಲಿ ಮಾತ್ರ ಅದಕ್ಕಿನ್ನೂ ನಿವೃತ್ತಿಯಿಲ್ಲ.

ಹಳೆಯ ಎಣ್ಣೆ ಇಳಿಸುವುದೇನೂ ದೊಡ್ಡದಲ್ಲ. ತಳದ ಬೋಲ್ಟು ಬಿಚ್ಚಿದರೆ ಅದು ತಾನೇ ಇಳಿಯುತ್ತದೆ. ಕಷ್ಟವೆಲ್ಲ ಫಿಲ್ಟರಿನದು. ನೋಡಲು ಅದೊಂದು ಚಿಕ್ಕ ತಗಡಿನ ಡಬ್ಬಿ. ಒಳಗೆ ಎಣ್ಣೆಯ ಕಸ ಹಿಡಿಯುವ ಮಡಿಕೆ ಮಡಿಕೆಯ ಕಾಗದ, ಬಾಯಿಗೊಂದು ರಬ್ಬರಿನ ಉಂಗುರ. ಹಾಕುವಾಗ ಆ ಉಂಗುರಕ್ಕೆ ಬೆರಳಿನಿಂದ ಹೊಸ ಎಣ್ಣೆ ಸವರಿ, ಅದು ಎಂಜಿನ್ನಿಗೆ ತಾಕಿದ ಮೇಲೆ ಕೈಯಿಂದಲೇ ಮುಕ್ಕಾಲು ಸುತ್ತು ತಿರುಗಿಸಿದರೆ ಸಾಕು. ಆದರೆ ಹಿಂದಿನ ಸಲ ನಾನು ಪ್ರವಾಸದಲ್ಲಿದ್ದುದರಿಂದ ಗಾಡಿ ಒಂದು ಗ್ಯಾರೇಜಿಗೆ ಹೋಗಿತ್ತು. ಅಲ್ಲಿಯ ಯಾವನೋ ಪೈಲ್ವಾನ ಒಣ ಉಂಗುರವನ್ನೇ ಕೂರಿಸಿ, ಪಾನಾ ಹಾಕಿ, ತನ್ನ ಬಲವನ್ನೆಲ್ಲ ತೋರಿಸಿದ್ದನೆಂದು ಕಾಣುತ್ತದೆ. ಎಂಜಿನ್ನಿನ ಕಾವಿನಲ್ಲಿ ತಿಂಗಳುಗಟ್ಟಲೆ ಬೆಂದ ರಬ್ಬರು ಲೋಹವನ್ನು ಕಚ್ಚಿಕೊಂಡು ಕುಳಿತಿತ್ತು.

ಇದು ತಿಳಿದುಬಂದದ್ದು ಒಂದು ಶನಿವಾರದ ಮಧ್ಯಾಹ್ನ. ಸೋಮವಾರ ಧಾರವಾಡದಲ್ಲಿ ನಮ್ಮ ಅವ್ವನ ಕಣ್ಣಿನ ಪೊರೆ ತೆಗೆಯುವುದಿತ್ತು. ಸಕ್ಕರೆ ಏರಿ ಎರಡು ಸಲ ತಾರೀಖು ಮುಂದೆ ಹೋಗಿತ್ತು. ಈ ಸಲ ಎಲ್ಲ ಹೊಂದಿ ಬಂದರೆ, "ಹಿರೇ ಮಗ ಬಂದ ಹೊರತು ಕಣ್ಣಿಗೆ ಕೈ ಹಚ್ಚಗೊಡೂದಿಲ್ಲ" ಎಂದು ಆಕೆ ಡಾಕ್ಟರರಿಗೇ ಹೇಳಿಬಿಟ್ಟಿದ್ದಳು. ಮದುವೆಯ ದಿನಗಳು, ರೈಲಿನಲ್ಲಿಯೂ ಬಸ್ಸಿನಲ್ಲಿಯೂ ಜಾಗವಿರಲಿಲ್ಲ. ರವಿವಾರ ಬೆಳಗಿನ ಐದಕ್ಕೆ ಗಾಡಿ ಹೊರಡಲೇಬೇಕು. ನಾಲ್ಕುನೂರು ಕಿಲೋಮೀಟರಿಗೂ ಮಿಕ್ಕಿದ ದಾರಿ.

ಜೊತೆಗೆ ಹೆಂಡತಿಯ ತಮ್ಮನಿದ್ದ. ಇಂಜಿನಿಯರು, ಅಂದ ಮೇಲೆ ಅವಸರ ಹೇಳಬೇಕಾದದ್ದಿಲ್ಲ. ಗಾಡಿಯನ್ನು ಜ್ಯಾಕಿನಿಂದೆತ್ತಿ ಕಬ್ಬಿಣದ ಸ್ಟ್ಯಾಂಡುಗಳ ಮೇಲೆ ಕೂರಿಸಿದ್ದೆವು. (ಜ್ಯಾಕನ್ನೊಂದೇ ನಂಬಿ ಕೆಳಗೆ ತಲೆ ಹಾಕುವ ಧೈರ್ಯ ಯಾರಿಗೂ ಬೇಡ.) ಅರ್ಧ ತಾಸು ಸರದಿಯಂತೆ ಹಿಡಿದು ತಿರುವಿದರೂ ಡಬ್ಬಿ ಅಲುಗಲಿಲ್ಲ. ಕೊನೆಗೆ ಅವನು ದೊಡ್ಡ ಸ್ಕ್ರೂಡ್ರೈವರನ್ನೂ ಸುತ್ತಿಗೆಯನ್ನೂ ಕೈಗೆತ್ತಿಕೊಂಡ.

"ಮಾಮಾ, ಇದನ್ನ ಡಬ್ಬಿ ಒಳಗಿಂದ ಆರಪಾರ ಹೊಡದ ಬಿಡೂಣ್ರಿ. ಹಿಡಿಕಿ ಆಗ್ತದ, ತಿರಿವಿದ್ರ ಆತು."

ಈ ಉಪಾಯ ಸುಳ್ಳಲ್ಲ, ಮಾಡುವವರು ಬಹಳ ಮಂದಿ. ಆದರೆ ತಗಡು ತೆಳುವಾದದ್ದು. ಉಂಗುರ ಬಲವಾಗಿ ಕಚ್ಚಿದ್ದರೆ ಬಾಯಿಯ ಭಾಗ ಅಲ್ಲೇ ಉಳಿದು, ತಗಡಷ್ಟೇ ಹರಿದು ಕೈಗೆ ಬರುತ್ತದೆ.

"ಬ್ಯಾಡ," ಎಂದೆ. "ಬಿಚ್ಚದಿದ್ರ ಹೊಸ ಎಣ್ಣಿ ಹಾಕಿ ಹಳೇ ಫಿಲ್ಟರಿನ ಮ್ಯಾಲೇ ಧಾರವಾಡಕ್ಕ ಹೋಗಿ ಬರೂಣು. ತೂತು ಬಿತ್ತಂದ್ರ ಗಾಡಿ ನಮ್ಮ ಗೇಟೂ ದಾಟೂದಿಲ್ಲ."

ಅವನಿಗೆ ರುಚಿಸಲಿಲ್ಲ, ಆದರೂ ಸುತ್ತಿಗೆ ಕೆಳಗಿಟ್ಟ.

ಎಣ್ಣೆ ಇಳಿಸಿದ ಮೇಲೆ ಎಂಜಿನ್ ನಡೆಸಿ ಕಾಸುವಂತಿಲ್ಲ. ಉಳಿದ ಅಲ್ಪಸ್ವಲ್ಪ ಬೆಚ್ಚಗಿನಲ್ಲಿಯೇ ಕೆಲಸ ಮುಗಿಯಬೇಕು. ಡಬ್ಬಿಯನ್ನು ಪಾತ್ರೆ ತೊಳೆಯುವ ಸಾಬೂನಿನ ನೀರಿನಿಂದ ಒರೆಸಿ ಒಣಗಿಸಿದೆವು. ಬಾಗಿಲಿಗೆ ಬಣ್ಣ ಹಚ್ಚುವಾಗ ಉಳಿದಿದ್ದ ಪಾಲಿಶ್ ಪೇಪರು, ಅಂದರೆ ಬೆಂಗಳೂರಿನವರ ಉಪ್ಪುಕಾಗದ, ಅದರ ಒರಟು ಮೈ ಒಳಗಾಗುವಂತೆ ಬಾಯಿಯ ಹತ್ತಿರ ಸುತ್ತಿದೆ. ತಗಡು ಗಟ್ಟಿಯಿರುವುದು ಅಲ್ಲಿಯೇ. ನಡುವೆ ಹಿಡಿದರೆ ನಜ್ಜುಗುಜ್ಜಾಗುತ್ತದೆ. ಅದರ ಮೇಲೆ ನನ್ನ ಹಳೆಯ ಚರ್ಮದ ಪಟ್ಟಿಯನ್ನು ಬಿಗಿದು, ಕುಣಿಕೆಯಲ್ಲಿ ಒಂದು ಗಿಡ್ಡ ಸಲಾಕೆ ತೂರಿಸಿದೆ. ಬಿಚ್ಚುವ ದಿಕ್ಕಿನ ಮಾತು ಬೇರೆ ಇದೆ. ಫಿಲ್ಟರಿನ ಮುಚ್ಚಿದ ತುದಿಯ ಕಡೆಯಿಂದ ನೋಡಿದರೆ ಅದು ಗಡಿಯಾರದ ಮುಳ್ಳಿಗೆ ಎದುರಾಗಿ ತಿರುಗಬೇಕು. ಆಚೆ ಬದಿಯಿಂದ ಬಗ್ಗಿ ನೋಡುವವನಿಗೆ ಎಲ್ಲ ತಿರುವುಮುರುವು. ಆದ್ದರಿಂದ ಸೀಮೆಸುಣ್ಣದಿಂದ ತಗಡಿನ ಮೇಲೆ ಬಾಣ ಬರೆದೆ. ಜಗ್ಗಾಟಕ್ಕೆ ಹೋಗದೆ, ಒಂದೇ ಸಮನೆ ಭಾರ ಹಾಕಿದೆವು. ಮೂರನೆಯ ಸಲಕ್ಕೆ 'ಟಕ್' ಎಂದಿತು. ಆಮೇಲೆ ಬೆರಳಿನಿಂದಲೇ ಬಂತು.

ಹೊಸದನ್ನು ಹಾಕಲು ಕೈ ಚಾಚಿದ್ದೆ. ಹಳೆಯದನ್ನು ತಿರುವಿ ನೋಡುತ್ತಿದ್ದ ಹುಡುಗ ಕೂಗಿಕೊಂಡ: "ಮಾಮಾ, ತಡೀರಿ! ಇದಕ್ಕ ಉಂಗುರಾನ ಇಲ್ಲ!"

ಬ್ಯಾಟರಿ ಹಿಡಿದು ನೋಡಿದರೆ ಉಂಗುರ ಎಂಜಿನ್ನಿಗೇ ಅಂಟಿ ಉಳಿದಿತ್ತು. ಅದರ ಮೇಲೆಯೇ ಹೊಸದು ಕುಳಿತಿದ್ದರೆ ಎರಡು ಉಂಗುರಗಳ ನಡುವಿನಿಂದ ಎಣ್ಣೆ ಚಿಮ್ಮಿ, ಯಾವುದೋ ಘಟ್ಟದಲ್ಲಿ ಎಂಜಿನ್ ಬರಿದಾಗುತ್ತಿತ್ತು. ಅವನೇ ಉಗುರಿನಿಂದ ಕೆರೆದು ತೆಗೆದ. ಅವಸರದವರ ಬಗ್ಗೆ ನನ್ನ ಅಭಿಪ್ರಾಯ ಅಂದು ಸ್ವಲ್ಪ ಸಡಿಲಾಯಿತು.

ರಾತ್ರಿ ಗಾಡಿಯ ಕೆಳಗೆ ಹಾಸಿದ್ದ ಪೇಪರಿನ ಮೇಲೆ ಬೆಳಗಿಗೆ ಒಂದು ಹನಿಯೂ ಇರಲಿಲ್ಲ. ಮಧ್ಯಾಹ್ನದ ಊಟಕ್ಕೆ ಧಾರವಾಡ ಮುಟ್ಟಿದೆವು. ಮಂಗಳವಾರ ಡಾಕ್ಟರರು ಪಟ್ಟಿ ಬಿಚ್ಚಿದಾಗ ಅವ್ವ ನನ್ನ ಕೈ ಹಿಡಿದು, ಹತ್ತಿರಕ್ಕೆ ಎಳೆದುಕೊಂಡು ನೋಡಿದಳು.

"ಉಗುರಾಗ ಏನೋ ಅದು ಮಸಿ? ಮೊದಲ ತೊಳಕೊಂಡ ಬಾ."